ಓದುಗರ ಪ್ರಶ್ನೆ: ಎನ್‌ಎಫ್‌ಎಲ್ ಬಿಟ್ಟು ಕಾಲೇಜಿಗೆ ಓಡಿದ ಕೋಚ್‌ಗಳು ದುಡ್ಡಿಗೇ ಹೋದರಾ?

ಪ್ರಶ್ನೆ: ಅಮೆರಿಕದ ಪ್ರೊಫೆಷನಲ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ದೊಡ್ಡ ತಂಡದ ಕೋಚ್ ಆಗಿದ್ದವರು ಇದ್ದಕ್ಕಿದ್ದಂತೆ ಅದನ್ನು ಬಿಟ್ಟು ಯಾವುದೋ ಕಾಲೇಜಿಗೆ ಹೋಗಿಬಿಡುತ್ತಾರಲ್ಲ, ಯಾಕೆ? ದುಡ್ಡು ಜಾಸ್ತಿ ಕೊಡ್ತಾರೆ ಅಂತಾನಾ?

ಉತ್ತರ: ಅಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸಿದರೆ ಇದೇ ಪ್ರಶ್ನೆ ಬೇರೆ ಹೆಸರು ಹೊತ್ತು ಮತ್ತೆ ಬರುತ್ತದೆ. ಒಮ್ಮೆ ಪೆಟ್ರಿನೋ, ಒಮ್ಮೆ ಸೇಬನ್, ಇಬ್ಬರೂ ಹಾಗೆ ಬಿಟ್ಟುಹೋದ ಕೋಚ್‌ಗಳೇ. ಮಗಳ ಮನೆಗೆ ಹೋಗಿ ಆರು ತಿಂಗಳು ಇದ್ದು ಬಂದವರು, ಎಂಎಸ್ ಮಾಡೋ ಹುಡುಗರು, ಎಲ್ಲರೂ ಕೇಳೋದು ಇದನ್ನೇ. ಉತ್ತರವನ್ನೂ ಜತೆಗೇ ಕಳಿಸಿರುತ್ತಾರೆ: "ದುಡ್ಡು ಅಂದ್ರೆ ಹೆಣವೂ ಬಾಯಿ ಬಿಡುತ್ತೆ, ಅಲ್ವಾ ಸಾರ್?" ಗಾದೆ ಸರಿ. ಲೆಕ್ಕ ತಪ್ಪು.

ಮೊದಲು "ಯಾವುದೋ ಕಾಲೇಜು" ಅನ್ನೋ ಮಾತನ್ನು ಪಕ್ಕಕ್ಕಿಡೋಣ. ಕಾಲೇಜು ಅಂದ ಕೂಡಲೇ ನಮ್ಮ ಕಣ್ಣಿಗೆ ಬರೋದು ಪಿಟಿ ಮೇಷ್ಟ್ರು, ಸೀಟಿ, ಸುಣ್ಣದ ಗೆರೆ ಎಳೆದ ಮೈದಾನ. ಅಲ್ಲಿ ಹಾಗಿಲ್ಲ. ಮಿಷಿಗನ್ ವಿಶ್ವವಿದ್ಯಾಲಯದ ಸ್ಟೇಡಿಯಂನಲ್ಲಿ 1,07,601 ಜನ ಕೂರಬಹುದು. ಅಷ್ಟು ಜನ ಕೂರುವ ಸ್ಟೇಡಿಯಂ ಎನ್‌ಎಫ್‌ಎಲ್‌ನ ಒಂದು ತಂಡಕ್ಕೂ ಇಲ್ಲ. ನಿಕ್ ಸೇಬನ್ ಎನ್‌ಎಫ್‌ಎಲ್‌ನ ಮಯಾಮಿ ತಂಡ ಬಿಟ್ಟು ಅಲಬಾಮಾ ವಿಶ್ವವಿದ್ಯಾಲಯ ಸೇರಿದ ಮೇಲೆ, 2007ರ ಏಪ್ರಿಲ್‌ನಲ್ಲಿ, ಬರೀ ಒಂದು ಅಭ್ಯಾಸ ಪಂದ್ಯ ನಡೆಯಿತು. ಎದುರಾಳಿಯೇ ಇಲ್ಲ, ತಂಡ ತನ್ನೊಳಗೇ ಎರಡಾಗಿ ಆಡಿದ್ದು. ಅದನ್ನು ನೋಡೋಕೆ 92,138 ಜನ ಬಂದಿದ್ದರು. ಹಾಗಾಗಿ ಇದನ್ನು ಹಿಂಬಡ್ತಿ ಅಂತ ಮಾತ್ರ ಅನ್ನಬೇಡಿ.

ಈಗ ಪೆಟ್ರಿನೋ. ಅಭಿಮಾನಿಗಳ ಜಗಳದಲ್ಲಿ ಮೊದಲು ಬೀದಿಗೆ ಬರೋ ಹೆಸರು ಅವರದ್ದೇ.

ಬಾಬಿ ಪೆಟ್ರಿನೋ ಲೂಯಿವಿಲ್ ವಿಶ್ವವಿದ್ಯಾಲಯದಲ್ಲಿ ನಾಲ್ಕು ವರ್ಷದಲ್ಲಿ 41 ಪಂದ್ಯ ಗೆದ್ದು ಒಂಬತ್ತು ಸೋತಿದ್ದರು. ಅಲ್ಲಿ ಹತ್ತು ವರ್ಷದ ಒಪ್ಪಂದಕ್ಕೆ ಸಹಿ ಹಾಕಿ ಆರು ತಿಂಗಳೂ ತುಂಬಿರಲಿಲ್ಲ, 2007ರ ಜನವರಿಯಲ್ಲಿ ಎನ್‌ಎಫ್‌ಎಲ್‌ನ ಅಟ್ಲಾಂಟಾ ಫಾಲ್ಕನ್ಸ್‌ಗೆ ಹಾರಿದರು. ಅಲ್ಲಿ ಅವರಿಗಾಗಿ ಕಾದಿದ್ದದ್ದು ಮೈಕಲ್ ವಿಕ್ ಅನ್ನೋ ಮಿಂಚಿನಂಥ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ತಂಡದ ಆಟ ನಡೆಸೋ ಆಟಗಾರ. ಆದರೆ ವಿಕ್ ನಾಯಿ ಕಾಳಗದ ಕೇಸಿನಲ್ಲಿ ಸಿಕ್ಕಿಬಿದ್ದರು. ಪೆಟ್ರಿನೋ ಕೈಕೆಳಗೆ ಒಂದು ಪಂದ್ಯವನ್ನೂ ಆಡಲಿಲ್ಲ. ಡಿಸೆಂಬರ್ 10ರಂದು ವಿಕ್‌ಗೆ 23 ತಿಂಗಳು ಜೈಲು ಶಿಕ್ಷೆ ಆಯಿತು. ಅದೇ ರಾತ್ರಿ ಫಾಲ್ಕನ್ಸ್ ತಮ್ಮ ಊರಲ್ಲೇ ನ್ಯೂ ಆರ್ಲಿಯನ್ಸ್ ಎದುರು 34-14ರಿಂದ ಸೋತಿತು. ಅಲ್ಲಿಗೆ ಮೂರು ಗೆಲುವು, ಹತ್ತು ಸೋಲು. ಇನ್ನೂ ಮೂರು ಪಂದ್ಯ ಬಾಕಿ.

ಮಾರನೇ ದಿನ ಪೆಟ್ರಿನೋ ರಾಜೀನಾಮೆ ಕೊಟ್ಟರು. ಆಟಗಾರರು ಬಂದು ನೋಡಿದರೆ ಒಬ್ಬೊಬ್ಬರ ಲಾಕರ್ ಹತ್ತಿರ ಒಂದೊಂದು ಹಾಳೆ. ಎಲ್ಲದರಲ್ಲೂ ಅದೇ ನಾಲ್ಕು ವಾಕ್ಯ. ಭಾರವಾದ ಮನಸ್ಸು, ಕುಟುಂಬದ ಹಿತ, ನಿಮ್ಮ ಶ್ರಮಕ್ಕೆ ಕೃತಜ್ಞತೆ, ಶುಭವಾಗಲಿ. ಲಾಯರ್ ಮಿಲಾಯ್ ಅನ್ನೋ ಆಟಗಾರ (ಹೆಸರೇ ಲಾಯರ್, ಕೆಲಸ ಅಲ್ಲ) ತನ್ನ ಹಾಳೆಯಲ್ಲಿ ಪೆಟ್ರಿನೋ ಹೆಸರಿಗೆ ಗೀಟು ಹಾಕಿ "ಹೇಡಿ" ಅಂತ ಬರೆದರು. ಪೆಟ್ರಿನೋ ಮಾತ್ರ ರಾಜೀನಾಮೆ ಕೊಟ್ಟ ರಾತ್ರಿಯೇ ಅರ್ಕಾನ್ಸಾದ ಫಯೆಟ್‌ವಿಲ್ ಮುಟ್ಟಿದ್ದರು. ಅಲ್ಲಿನ ಅರ್ಕಾನ್ಸಾ ವಿಶ್ವವಿದ್ಯಾಲಯಕ್ಕೆ ಅವರೇ ಹೊಸ ಕೋಚ್. ಆ ವಿಶ್ವವಿದ್ಯಾಲಯದ ಗುರುತು ಕಾಡುಹಂದಿ. ಹಂದಿಯನ್ನು ಕೂಗಿ ಕರೆಯೋದೇ ಅಲ್ಲಿನ ಅಭಿಮಾನಿಗಳ ಘೋಷಣೆ. ಹೊಸ ಕೋಚ್ ಕ್ಯಾಮೆರಾ ಮುಂದೆ ನಿಂತು ಅದೇ ಕೂಗು ಹಾಕಿದರು. ಸೋಮವಾರ ರಾತ್ರಿ ಅಟ್ಲಾಂಟಾದಲ್ಲಿ ಸೋಲು, ಮಂಗಳವಾರ ರಾತ್ರಿ ಅರ್ಕಾನ್ಸಾದಲ್ಲಿ ಹಂದಿ ಕೂಗು.

ಅಟ್ಲಾಂಟಾ ಅಭಿಮಾನಿಗಳು ಇದನ್ನು ದ್ರೋಹ ಅಂದರು. ಅರ್ಕಾನ್ಸಾದವರು ನಮ್ಮ ಅದೃಷ್ಟ ಅಂದರು. ಎರಡೂ ಕಡೆಯವರು ಒಪ್ಪಿದ ಒಂದೇ ಮಾತು, ದುಡ್ಡಿಗೆ ಬಂದ ಅನ್ನೋದು. ಅದೇ ಸುಳ್ಳು.

ಪೆನ್ನು ಹಿಡಿಯಿರಿ. ಫಾಲ್ಕನ್ಸ್ ಜತೆ ಪೆಟ್ರಿನೋ ಒಪ್ಪಂದ ಐದು ವರ್ಷಕ್ಕೆ 2.4 ಕೋಟಿ ಡಾಲರ್. ವರ್ಷಕ್ಕೆ 48 ಲಕ್ಷ. ಅರ್ಕಾನ್ಸಾ ಕೊಟ್ಟದ್ದು ವರ್ಷಕ್ಕೆ ಸುಮಾರು 28.5 ಲಕ್ಷ. ದುಡ್ಡಿಗೆ ಓಡಿಹೋದ ಮನುಷ್ಯ ವರ್ಷಕ್ಕೆ ಹತ್ತೊಂಬತ್ತು ಲಕ್ಷ ಡಾಲರ್ ಬಿಟ್ಟು ಓಡುತ್ತಾನಾ? ಇನ್ನೊಂದು ವಿಷಯ. ಎನ್‌ಎಫ್‌ಎಲ್ ಕೋಚ್‌ನನ್ನು ಸೋತ ಅಂತ ತೆಗೆದುಹಾಕಿದರೆ ಸಾಮಾನ್ಯವಾಗಿ ಉಳಿದ ವರ್ಷಗಳ ಸಂಬಳ ಮನೆಗೇ ಬರುತ್ತದೆ. ತಾನೇ ಬಿಟ್ಟುಹೋದರೆ ಇಲ್ಲ. ಅಂದರೆ ದುಡ್ಡಿನ ಆಸೆ ಇದ್ದವನು ರಾಜೀನಾಮೆ ಕೊಡೋದಿಲ್ಲ. ಸುಮ್ನೆ ಸೋಲುತ್ತಾ ಕೂರುತ್ತಾನೆ.

"ಸೇಬನ್ ಹಾಗಲ್ಲ ಸಾರ್, ಅವರಿಗೆ 3.2 ಕೋಟಿ ಕೊಟ್ಟರು." ಗೊತ್ತು. ಆ 3.2 ಕೋಟಿ ಎಂಟು ವರ್ಷಕ್ಕೆ. ಎಂಟರಿಂದ ಭಾಗಿಸಿ, ನಾಲ್ಕನೇ ಕ್ಲಾಸಿನ ಲೆಕ್ಕ: ವರ್ಷಕ್ಕೆ 40 ಲಕ್ಷ. ಮಯಾಮಿ ಡಾಲ್ಫಿನ್ಸ್ ಕೊಡುತ್ತಿದ್ದದ್ದು ವರ್ಷಕ್ಕೆ ಸುಮಾರು 45 ಲಕ್ಷ. ಮಯಾಮಿ ಅವರನ್ನು ಹೊರಗೆ ಹಾಕಿರಲೂ ಇಲ್ಲ. ಮಾಲೀಕ ವೇಯ್ನ್ ಹೈಜೆಂಗಾ ಇರಿ ಇರಿ ಅಂತಲೇ ಹೇಳುತ್ತಿದ್ದರು. ಎಂಟು ವರ್ಷದ ಭದ್ರತೆ ದೊಡ್ಡದು, ಒಪ್ಪುತ್ತೇನೆ. ಅಲಬಾಮಾದಲ್ಲಿ ಗೆಲ್ಲುತ್ತಾ ಹೋದ ಹಾಗೆ ಸಂಬಳವೂ ಏರುತ್ತಾ ಹೋಯಿತು, ಅದೂ ನಿಜ. ಆದರೆ ಹೊರಟ ದಿನ ಜೇಬಿಗೆ ಬರುತ್ತಿದ್ದದ್ದು ಕಮ್ಮಿಯೇ. ಹತ್ತು ಸಲ ಬರೆದಿದ್ದೇನೆ, ಇದು ಹನ್ನೊಂದನೇದು.

ಹಾಗಾದರೆ ಯಾಕೆ? ಅದಕ್ಕೆ ಒಂದು ಭುಜದ ಕಥೆ ಹೇಳಬೇಕು.

2006ರಲ್ಲಿ ಮಯಾಮಿಗೆ ಒಳ್ಳೆ ಕ್ವಾರ್ಟರ್‌ಬ್ಯಾಕ್ ಬೇಕಿತ್ತು. ಡ್ರೂ ಬ್ರೀಸ್ ಖಾಲಿ ಇದ್ದರು. ಬಲಭುಜಕ್ಕೆ ಪೆಟ್ಟಾಗಿ ಆಪರೇಷನ್ ಆಗಿತ್ತು. ಸೇಬನ್‌ಗೆ ಬ್ರೀಸ್ ಬೇಕು. ತಂಡದ ಡಾಕ್ಟರುಗಳು ಆ ಭುಜ ನಂಬೋಕಾಗಲ್ಲ ಅಂದರು. ಬ್ರೀಸ್ ಬದಲು ಮಿನೆಸೋಟಾದಿಂದ ಡಾಂಟೆ ಕಲ್‌ಪೆಪರ್ ಬಂದರು. ಅವರಿಗೆ ಮೊಣಕಾಲಿನ ಪೆಟ್ಟು. ಆ ವರ್ಷ ನಾಲ್ಕೇ ಪಂದ್ಯ ಆಡಿದರು. ಮಯಾಮಿ ಆರು ಗೆದ್ದು ಹತ್ತು ಸೋತಿತು. ನಂಬೋಕಾಗದ ಭುಜ ನ್ಯೂ ಆರ್ಲಿಯನ್ಸ್‌ಗೆ ಹೋಗಿ 2010ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದಿತು. ನಮ್ಮ ಹಣೆಬರಹ ನಮ್ಮ ಕೈಯಲ್ಲಿಲ್ಲ ಅಂತ ಆಗಲೇ ಅನ್ನಿಸಿತು ಎಂದು ಸೇಬನ್ ಮುಂದೆ ಹೇಳಿಕೊಂಡಿದ್ದಾರೆ.

ಕೈ. ಅದೇ ಉತ್ತರ. ಎನ್‌ಎಫ್‌ಎಲ್‌ನಲ್ಲಿ ಕೋಚ್‌ನ ಕೈ ಕಟ್ಟಿಹಾಕಿರುತ್ತಾರೆ. ಸ್ಯಾಲರಿ ಕ್ಯಾಪ್ ಇದೆ, ನಮ್ಮ ಐಪಿಎಲ್ ಹರಾಜಿನ ಪರ್ಸ್ ಇದ್ದ ಹಾಗೆ. ಹೊಸ ಹುಡುಗರನ್ನು ಆರಿಸೋಕೆ ಡ್ರಾಫ್ಟ್‌ನಲ್ಲಿ ಸರದಿ ಕಾಯಬೇಕು. ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ಮೇಲೆ ಮಾಲೀಕ, ಜನರಲ್ ಮ್ಯಾನೇಜರ್, ಡಾಕ್ಟರ್. ಕೆಳಗೆ ಕೋಚ್‌ಗಿಂತ ಎಷ್ಟೋ ಪಟ್ಟು ಸಂಬಳ ಎಣಿಸೋ ಆಟಗಾರರು. ವಿಕ್ ಒಪ್ಪಂದ ಹತ್ತು ವರ್ಷಕ್ಕೆ 13 ಕೋಟಿ ಡಾಲರ್. ಅವರನ್ನು ಬಯ್ದು ನೋಡಿ.

ಆಗಿನ ಕಾಲೇಜಿನಲ್ಲಿ ಕೋಚ್‌ ತಾನೇ ರಾಜ, ತಾನೇ ಮಂತ್ರಿ. ಸರದಿ ಇಲ್ಲ. ಯಾವ ಹುಡುಗ ಬೇಕೋ ಅವನ ಮನೆಗೇ ಹೋಗಿ, ಸೋಫಾ ಮೇಲೆ ಕೂತು, ಅವರಮ್ಮನನ್ನು ಒಪ್ಪಿಸಿದರೆ ಮುಗಿಯಿತು. ಹುಡುಗರಿಗೆ ಕೊಡೋಕೆ ಕೈಯಲ್ಲಿ 85 ಸ್ಕಾಲರ್‌ಶಿಪ್. ಈ ವರ್ಷ ಒಬ್ಬ ಸಿಗಲಿಲ್ಲ ಅಂದರೆ ಮುಂದಿನ ವರ್ಷ ಇನ್ನೊಬ್ಬ. ಮಯಾಮಿಯಲ್ಲಿ ಎರಡು ವರ್ಷಕ್ಕೆ 15 ಗೆದ್ದು 17 ಸೋತ ಅದೇ ಸೇಬನ್ ಅಲಬಾಮಾದಲ್ಲಿ ಆರು ಸಲ ರಾಷ್ಟ್ರೀಯ ಚಾಂಪಿಯನ್ ಆದರು. ಮನುಷ್ಯ ಬದಲಾಗಲಿಲ್ಲ, ಕಟ್ಟಿದ ಹಗ್ಗ ಬಿಚ್ಚಿತು.

ಹೋದ ರೀತಿ ಸರಿಯಾ ಅಂದರೆ, ಇಲ್ಲ. ನಾನು ಅಲಬಾಮಾ ಕೋಚ್ ಆಗಲ್ಲ ಅಂತ ಸೇಬನ್ ಎಲ್ಲರ ಮುಂದೆ ಹೇಳಿದ್ದು 2006ರ ಡಿಸೆಂಬರ್ 21ಕ್ಕೆ. ಆಗಿದ್ದು 2007ರ ಜನವರಿ 3ಕ್ಕೆ. ಹದಿಮೂರು ದಿನ. ಅಲಬಾಮಾ ವಿಶ್ವವಿದ್ಯಾಲಯದ ಊರು ಟಸ್ಕಲೂಸಾದಲ್ಲಿ ವಿಮಾನ ಇಳಿದಾಗ ಒಬ್ಬಾಕೆ ಗುಂಪಿನೊಳಗಿಂದ ನುಗ್ಗಿ ಕೆನ್ನೆಗೆ ಮುತ್ತಿಟ್ಟಳು. ಮಯಾಮಿಯಲ್ಲಿ ಅವರ ಹೆಸರಿಗೆ ಸುಳ್ಳುಗಾರ ಅನ್ನೋದು ಅಂಟಿಕೊಂಡಿತು. ಪೆಟ್ರಿನೋ ವಿಷಯದಲ್ಲಿ ನನ್ನ ಓಟು ಮಿಲಾಯ್‌ಗೆ. ಇನ್ನು ಮೂರು ವಾರ ಕಾಯೋಕೆ ಏನಾಗಿತ್ತು? (2012ರಲ್ಲಿ ಅರ್ಕಾನ್ಸಾದಿಂದಲೂ ಅವರನ್ನು ತೆಗೆದರು. ಅದೊಂದು ಬೈಕ್ ಅಪಘಾತದ ಕಥೆ, ಇಲ್ಲಿ ಬೇಡ. 2024ರ ಸೀಸನ್‌ಗೆ ಅಲ್ಲಿಗೇ ಸಹಾಯಕರಾಗಿ ಮರಳಿದರು ಅನ್ನೋದನ್ನು ಮಾತ್ರ ಹೇಳಿಬಿಡುತ್ತೇನೆ.)

ಇಷ್ಟು ಜನ ಕೋಚ್ ಬಗ್ಗೆ ಕೇಳುತ್ತೀರಿ. ಆ ಹುಡುಗರ ಬಗ್ಗೆ ಒಬ್ಬರೂ ಕೇಳಿಲ್ಲ. ಪೆಟ್ರಿನೋ ಇದ್ದಾರೆ ಅಂತಲೇ ಲೂಯಿವಿಲ್ ಸೇರಿದ ಹುಡುಗನ ಗತಿ ಏನು? ಅವನೂ ಬೇರೆ ಕಡೆ ಹೋಗಬಹುದಿತ್ತು. ಆದರೆ ದೊಡ್ಡ ಮಟ್ಟದ ಕಾಲೇಜು ಫುಟ್‌ಬಾಲ್‌ನಲ್ಲಿ ಹಾಗೆ ಹೋದವನು ಸಾಮಾನ್ಯವಾಗಿ ಒಂದು ವರ್ಷ ಆಡುವಂತಿರಲಿಲ್ಲ. ಕೋಚ್‌ಗೆ ರಾತ್ರೋರಾತ್ರಿ, ಹುಡುಗನಿಗೆ ಒಂದು ವರ್ಷ ಬೆಂಚು. ಸಂಬಳವಂತೂ ಇರಲೇ ಇಲ್ಲ.

2021ರಲ್ಲಿ ಇದು ಬದಲಾಯಿತು. ಏಪ್ರಿಲ್‌ನಲ್ಲಿ ಹೊಸ ನಿಯಮ ಬಂತು: ಹುಡುಗ ಒಂದು ಸಲ ಕಾಲೇಜು ಬದಲಿಸಿದರೂ ತಕ್ಷಣ ಆಡಬಹುದು. ಜುಲೈನಿಂದ ಹುಡುಗರು ತಮ್ಮ ಹೆಸರಿನಲ್ಲಿ ಜಾಹೀರಾತು ಮಾಡಿ ದುಡ್ಡು ಗಳಿಸಬಹುದಾಯಿತು. ಈಗ ಸೀಸನ್ ಮುಗಿದರೆ ಕೋಚ್ ತನ್ನ ಹುಡುಗರನ್ನೇ ಮತ್ತೆ ಒಪ್ಪಿಸಿ ಉಳಿಸಿಕೊಳ್ಳಬೇಕು. ರಾಜನಿಗೂ ಹಗ್ಗ ಬಂತು.

2024ರ ಜನವರಿಯಲ್ಲಿ, 72ನೇ ವಯಸ್ಸಿಗೆ, ಸೇಬನ್ ನಿವೃತ್ತರಾದರು. ಮಾರ್ಚ್‌ನಲ್ಲಿ ವಾಷಿಂಗ್ಟನ್‌ಗೆ ಹೋಗಿ ಸಂಸದರ ಜತೆ ಕೂತು ಬೇಸರ ತೋಡಿಕೊಂಡರು. ತಾನು ನಂಬಿಕೊಂಡು ಬಂದದ್ದು ಕಾಲೇಜು ಆಟದಲ್ಲಿ ಈಗ ಏನೂ ಉಳಿದಿಲ್ಲ, ಹುಡುಗರು ಎಷ್ಟು ಕೊಡ್ತೀರಿ ಅಂತಲೇ ಕೇಳುತ್ತಾರೆ ಅನ್ನೋದು ಅವರ ದೂರು. ಮಯಾಮಿಯಲ್ಲಿ ಕೂತು ಅದನ್ನು ಟಿವಿಯಲ್ಲಿ ನೋಡಿದವರು ನಕ್ಕಿರಬೇಕು.