ಪರದೆಯ ಮೇಲೆ ಕನ್ನಡ ಕೆಡುವುದು ಎಲ್ಲಿ?

‘ಸ್ತ್ರೀ’ ಎಂಬ ಪದವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಾಯಲ್ಲಿ ಕೊನೆಗೆ ಬರುವುದು ‘ಈ’ ಸ್ವರ. ಬರಹದಲ್ಲಿ ಅದರ ಗುಡಿಸು ಮಾತ್ರ ಮೊದಲ ವ್ಯಂಜನವಾದ ‘ಸ’ದ ತಲೆ ಮೇಲೆ ಕೂತಿದೆ. ದೀರ್ಘದ ಗುರುತು ಒತ್ತುಗಳನ್ನೆಲ್ಲ ದಾಟಿ ಕೊನೆಗೆ ಹೋಗಿದೆ. ತ, ರ ಎರಡೂ ಒತ್ತುಗಳಾಗಿ ಕೆಳಗೆ ಇಳಿದಿವೆ.

ಕಂಪ್ಯೂಟರಿನ ಕಡತದಲ್ಲಿ ಈ ಚಿತ್ರ ಎಲ್ಲೂ ಇಲ್ಲ. ಅಲ್ಲಿರುವುದು ಆರು ಸಂಖ್ಯೆಗಳು ಅಷ್ಟೆ: 3256, 3277, 3236, 3277, 3248, 3264. ಸ, ಅರ್ಧಾಕ್ಷರದ ಗುರುತು, ತ, ಮತ್ತೆ ಅದೇ ಗುರುತು, ರ, ಕೊನೆಗೆ ಈ-ಕಾರ. ಜಗತ್ತಿನ ಲಿಪಿಗಳಿಗೆಲ್ಲ ಹೀಗೆ ಸಂಖ್ಯೆ ಕೊಡುವ ವ್ಯವಸ್ಥೆಯೇ ಯುನಿಕೋಡ್. ಅದರ ಮೊದಲ ಆವೃತ್ತಿ 1991ರಲ್ಲಿ ಬಂತು.

ನಾವು ಸಂದೇಶ ಕಳಿಸಿದಾಗ ಹೋಗುವುದು ಈ ಸಂಖ್ಯೆಗಳು ಮಾತ್ರ. ಅಕ್ಷರ ಕಟ್ಟುವ ಕೆಲಸ ಓದುವವರ ಫೋನಿನಲ್ಲಿ ಹೊಸದಾಗಿ ನಡೆಯಬೇಕು. ಹಿಂದೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವರು ಮಾಡುತ್ತಿದ್ದ ಕೆಲಸವನ್ನು ಈಗ ಒಂದು ತಂತ್ರಾಂಶ ಮಾಡುತ್ತದೆ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್‌ಗಳಲ್ಲಿ ಇದನ್ನು ನೋಡಿಕೊಳ್ಳುವುದು ಹಾರ್ಫ್‌ಬಜ್ ಎಂಬ ತಂತ್ರಾಂಶ. ಯಾವ ಒತ್ತು ಎಲ್ಲಿ ಕೂರಬೇಕು ಅನ್ನುವ ನಿಯಮಗಳು ಫಾಂಟಿನೊಳಗೂ ಇರಬೇಕು. ಎರಡರಲ್ಲಿ ಒಂದು ಕೈಕೊಟ್ಟರೂ ಒತ್ತುಗಳು ಬಿಡಿಬಿಡಿಯಾಗಿ ಸಾಲಾಗಿ ನಿಲ್ಲುತ್ತವೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟ್ ಇತ್ತು. ಆದರೂ ಜೋಡಣೆಯ ಸೌಲಭ್ಯವನ್ನು ಬೇರೆಯಾಗಿ ಹಾಕಿಕೊಳ್ಳಬೇಕಿತ್ತು. ಅಕ್ಷರ ಒಡೆದು ಕಾಣುತ್ತಿದ್ದುದು ಇದೇ ಕಾರಣಕ್ಕೆ.

ಬರೀ ಚೌಕಗಳು ಕಂಡರೆ ಗಾಬರಿ ಬೇಡ. ಆ ಸಾಧನದಲ್ಲಿ ಕನ್ನಡ ಫಾಂಟ್ ಇಲ್ಲ, ಅಷ್ಟೆ. ಸಂಖ್ಯೆಗಳು ಸುರಕ್ಷಿತವಾಗಿವೆ. ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬಂದಿದ್ದರೆ ಕಥೆ ಬೇರೆ. ಯುಟಿಎಫ್-8 ಎಂಬ ಪದ್ಧತಿಯಲ್ಲಿ ‘ಕ’ವನ್ನು ಮೂರು ಬೈಟುಗಳಾಗಿ ಉಳಿಸುತ್ತಾರೆ: 224, 178, 149. ಓದುವ ತಂತ್ರಾಂಶ ಇದನ್ನು ಯುರೋಪಿನ ಹಳೆಯ ಪದ್ಧತಿಯೆಂದು ತಿಳಿದರೆ ಒಂದು ಅಕ್ಷರದ ಬದಲು ಮೂರು ಗುರುತು ತೋರಿಸುತ್ತದೆ. ಪದ್ಧತಿ ಬದಲಿಸಿ ತೆರೆದರೆ ಸಾಮಾನ್ಯವಾಗಿ ಕನ್ನಡ ವಾಪಸ್ ಬರುತ್ತದೆ. ನಿಜವಾಗಿ ಭಯಪಡಬೇಕಾದದ್ದು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಿಗೆ. ಕನ್ನಡವೇ ಗೊತ್ತಿಲ್ಲದ ಪದ್ಧತಿಯಲ್ಲಿ ಯಾರೋ ಕಡತ ಉಳಿಸಿದಾಗ, ಅಕ್ಷರ ಅಳಿದು ಅದರ ಜಾಗಕ್ಕೆ ಪ್ರಶ್ನೆ ಚಿಹ್ನೆ ಬಂದಿರುತ್ತದೆ. ಅದು ಮತ್ತೆ ಸಿಗುವುದಿಲ್ಲ.

ಕಣ್ಣಿಗೆ ಕಾಣದ ಸಂಖ್ಯೆಗಳೂ ಇವೆ. ರ, ಅರ್ಧಾಕ್ಷರದ ಗುರುತು, ಯ ಒಟ್ಟಿಗೆ ಬಂದರೆ ನಿಯಮದಂತೆ ಅರ್ಕಾವತ್ತು ಬೀಳುತ್ತದೆ, ‘ಸೂರ್ಯ’ದಲ್ಲಿ ಇರುವ ಹಾಗೆ. ‘ರ‍್ಯಾಂಕ್’ ಬರೆಯಬೇಕಾದರೆ ನಮಗೆ ಅರ್ಕಾವತ್ತು ಬೇಡ, ಯ ಒತ್ತು ಬೇಕು. ಅದಕ್ಕೆ ‘ರ’ ಆದ ತಕ್ಷಣ 8205 ಎಂಬ ಅದೃಶ್ಯ ಗುರುತು ಸೇರಿಸಬೇಕು. ‘ರಾಜ್‌ಕುಮಾರ್’ ಎಂದು ಬರೆಯುವಾಗ ‘ಜ್’ ಆದಮೇಲೆ 8204 ಇರಬೇಕು. ಇಲ್ಲದಿದ್ದರೆ ಅದು ‘ರಾಜ್ಕುಮಾರ್’ ಆಗುತ್ತದೆ. ಅನಗತ್ಯ ಗುರುತುಗಳನ್ನು ತೆಗೆಯುತ್ತೇವೆಂದು ಕೆಲವು ತಂತ್ರಾಂಶಗಳು ಇವನ್ನೂ ತೆಗೆದುಹಾಕುತ್ತವೆ. ತೆಗೆದರೆ ಒಬ್ಬರ ಹೆಸರೇ ಕೆಡುವಂಥ ಗುರುತು ಅನಗತ್ಯ ಹೇಗಾಗುತ್ತದೆ? ಕನ್ನಡಕ್ಕೆ ತಂತ್ರಾಂಶ ಬರೆಯುವವರು ಇದನ್ನು ಪರೀಕ್ಷೆ ಮಾಡಿಯೇ ಹೊರಗೆ ಬಿಡಬೇಕು.

ಇಷ್ಟೆಲ್ಲ ಯುನಿಕೋಡಿನ ಮಾತು. ‘ನುಡಿ’, ‘ಬರಹ’ ಎಂಬ ಕನ್ನಡ ತಂತ್ರಾಂಶಗಳ ಹಳೆಯ ಕಡತಗಳ ಸಮಸ್ಯೆ ಇದಕ್ಕಿಂತ ಆಳದ್ದು. ಕಂಪ್ಯೂಟರಿಗೆ ಕನ್ನಡ ಗೊತ್ತಿಲ್ಲದ ಕಾಲದಲ್ಲಿ ಅವು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಇಟ್ಟು ಕೆಲಸ ನಡೆಸಿದವು. ನಮಗೆ ಆಗ ಅದರಿಂದ ದೊಡ್ಡ ಉಪಕಾರವಾಯಿತು. ನುಡಿಯಲ್ಲಿ ಬರೆದ ‘ಕನ್ನಡ’ ಪದದ ಫಾಂಟ್ ಬದಲಿಸಿ ನೋಡಿ: ದೊಡ್ಡ ಪಿ, ಗೀಟು ಹೊತ್ತ ಎ, ಬ್ರಿಟನ್ನಿನ ಪೌಂಡ್ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೂ ಅದೇ ಎ. ಆ ಪಿ ಅಂದರೆ ತಲೆಕಟ್ಟಿಲ್ಲದ ‘ಕ’. ಗೀಟಿನ ಎ ಅಂದರೆ ತಲೆಕಟ್ಟು. ಕಡತದಲ್ಲಿ ಕನ್ನಡವೇ ಇಲ್ಲ, ಆದ್ದರಿಂದ ಕನ್ನಡದಲ್ಲಿ ಹುಡುಕಿದರೆ ಅದು ಸಿಗುವುದೂ ಇಲ್ಲ.

ಇಂಥ ಕಡತಗಳನ್ನು ಯುನಿಕೋಡಿಗೆ ತರುವ ಪರಿವರ್ತಕಗಳು ಸಿಗುತ್ತವೆ, ಬಳಸಲೇಬೇಕು. ಆದರೆ ಮೂಲ ಕಡತವನ್ನು ಫಾಂಟಿನ ವಿವರದ ಸಮೇತ ಇಟ್ಟುಕೊಳ್ಳಿ. ಬರೀ ಅಕ್ಷರಗಳನ್ನು ಪರಿವರ್ತಕಕ್ಕೆ ಕೊಟ್ಟರೆ, ನಡುವೆ ಬಂದ ಇಂಗ್ಲಿಷ್ ಪದ ಯಾವುದು, ಕನ್ನಡದ ತುಣುಕು ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಇಂಗ್ಲಿಷಿನ ಪಿ ಕೂಡ ‘ಕ’ ಆಗಿಬಿಡುತ್ತದೆ.