ಲೇಹ್‌ನಲ್ಲಿ ಎರಡು ದಿನ ಸುಮ್ನೆ ಬಿದ್ದಿರಿ

ಮೇ ತಿಂಗಳು ಬಂತೆಂದರೆ ನನ್ನ ಕ್ಲಿನಿಕ್‌ಗೆ ಲಡಾಖ್‌ಗೆ ಹೊರಟವರು ಬರಲು ಶುರು. ಎಲ್ಲರಿಗೂ ಚಳಿಯದೇ ಚಿಂತೆ. "ಡಾಕ್ಟ್ರೇ, ಥರ್ಮಲ್ ಎಷ್ಟು ಜೊತೆ ಬೇಕು? ನೆಗಡಿ ಆದ್ರೆ ಏನು ತಗೊಳ್ಳೋದು?" ಮೊದಲು ಪ್ಲಾನ್ ತೋರಿಸಿ ಅನ್ನುತ್ತೇನೆ. ಮೊಬೈಲ್ ಚಾಚುತ್ತಾರೆ. ಮೊದಲ ದಿನ ಲೇಹ್‌ನಲ್ಲಿ ವಿಮಾನ ಇಳಿದು ಶಾಂತಿ ಸ್ತೂಪ. ಎರಡನೇ ದಿನ ಖರ್ದುಂಗ್ ಲಾ ಎಂಬ ಬೆಟ್ಟದ ಘಾಟಿ. ಮೂರನೇ ರಾತ್ರಿ ಪ್ಯಾಂಗಾಂಗ್ ಸರೋವರದ ದಂಡೆಯಲ್ಲಿ ಟೆಂಟ್. "ರಜಾ ಇರೋದೇ ಐದು ದಿನ ಡಾಕ್ಟ್ರೇ." ಅಲ್ಲಿಗೆ ನನ್ನ ಬಿಪಿ ಏರುತ್ತದೆ.

ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಲೇಹ್ ಊರೇ ಸುಮಾರು 3,500 ಮೀಟರ್. ಖರ್ದುಂಗ್ ಲಾ 5,300 ದಾಟುತ್ತದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಅರ್ಧದಷ್ಟು. ಚಳಿಗೆ ಜಾಕೆಟ್ ಇದೆ, ಇದಕ್ಕೆ ಯಾವ ಅಂಗಡಿಯಲ್ಲೂ ಏನೂ ಸಿಗಲ್ಲ.

"ನಾನು ಫಿಟ್ ಇದ್ದೀನಿ, ದಿನಾ ಜಿಮ್‌ಗೆ ಹೋಗ್ತೀನಿ" ಅನ್ನುವವರಿಗೆ ನಾನು ಹೇಳೀ ಹೇಳೀ ಸೋತಿದ್ದೇನೆ. ಇನ್ನೊಂದು ಸಲ ಹೇಳುತ್ತೇನೆ. ಮೇಲೆ ಹೋದಾಗ ಆಮ್ಲಜನಕ ಸಾಲದೆ ದೇಹ ಜೋರಾಗಿ ಉಸಿರಾಡಲು ನೋಡುತ್ತದೆ. ಜೋರಾಗಿ ಉಸಿರಾಡಿದರೆ ಇಂಗಾಲದ ಡೈಆಕ್ಸೈಡ್ ಜಾಸ್ತಿ ಹೊರಗೆ ಹೋಗುತ್ತದೆ. ರಕ್ತ ಕ್ಷಾರದ ಕಡೆ ವಾಲುತ್ತದೆ. ಅದನ್ನು ಕಂಡ ಮೆದುಳು 'ಸಾಕು, ನಿಧಾನ' ಎಂದು ಉಸಿರಿಗೆ ಬ್ರೇಕ್ ಹಾಕುತ್ತದೆ. ರಾತ್ರಿ ನಿದ್ದೆಯಲ್ಲಿ ಇದು ಜಾಸ್ತಿ. ಪಕ್ಕದಲ್ಲಿ ಮಲಗಿದವರ ಉಸಿರು ಕೆಲವು ಸೆಕೆಂಡು ನಿಂತು ಮತ್ತೆ ಜೋರಾಗಿ ಶುರುವಾಗುವುದನ್ನು ಕೇಳಿ ಗಾಬರಿಯಾದವರು ಇದ್ದಾರೆ. ಈ ಬ್ರೇಕ್ ಬಿಡಿಸುವುದು ಕಿಡ್ನಿ. ಹೆಚ್ಚಾದ ಕ್ಷಾರವನ್ನು ಮೂತ್ರದಲ್ಲಿ ಹೊರಹಾಕಬೇಕು. ಅದಕ್ಕೆ ಎರಡು ಮೂರು ದಿನ ಬೇಕು. ನಿಮ್ಮ ಬೈಸೆಪ್ಸ್ ಎಷ್ಟೇ ದಪ್ಪ ಇರಲಿ, ಕಿಡ್ನಿ ತನ್ನ ಟೈಮ್ ತಗೊಂಡೇ ತಗೊಳ್ಳುತ್ತದೆ.

ಫಿಟ್ ಇರುವವರದ್ದೇ ನನಗೆ ಹೆಚ್ಚು ಭಯ. ಅವರು ಸುಮ್ಮನೆ ಕೂರುವುದಿಲ್ಲ. ಹಾಫ್ ಮ್ಯಾರಥಾನ್ ಓಡುವ ಹುಡುಗ ಒಬ್ಬ ಹೆಂಡತಿ, ಅತ್ತೆ ಜೊತೆ ಹೋಗಿದ್ದ. ಅತ್ತೆಗೆ ಮೊಣಕಾಲು ನೋವು, ಎರಡು ದಿನವೂ ಲೇಹ್‌ನ ರೂಮಲ್ಲಿ ಸೂಪ್ ಕುಡಿದುಕೊಂಡು ಇದ್ದರು. ಅಳಿಯನಿಗೆ ಮೊದಲ ಸಂಜೆಯೇ ತಲೆನೋವು. ಪ್ಯಾರಾಸಿಟಮಾಲ್ ನುಂಗಿ ಮಾರನೇ ದಿನ ಖರ್ದುಂಗ್ ಲಾ ಬೋರ್ಡ್ ಮುಂದೆ ಫೋಟೊ ತೆಗೆಸಿಕೊಂಡು ಬಂದ. ಮೂರನೇ ದಿನ ಎಲ್ಲರೂ ಪ್ಯಾಂಗಾಂಗ್‌ಗೆ. ರಾತ್ರಿ ಎರಡಕ್ಕೆ ಕ್ಯಾಂಪಿನವರ ಫೋನಿಂದ ನನಗೆ ಕರೆ. ಕೆಮ್ಮು, ಮಲಗಿದರೆ ಉಸಿರು ಕಟ್ಟುತ್ತದೆ, ತುಟಿ ನೀಲಿ. ಶ್ವಾಸಕೋಶದಲ್ಲಿ ನೀರು ತುಂಬುತ್ತಿರುವ ಲಕ್ಷಣ.

ಇದಕ್ಕೆ ಮೊದಲ ಮದ್ದು ಕೆಳಗೆ ಇಳಿಸುವುದು. ಆದರೆ ಪ್ಯಾಂಗಾಂಗ್ ಇರುವುದೇ 4,200 ಮೀಟರಿಗೂ ಮೇಲೆ. ಲೇಹ್‌ಗೆ ಮಾಮೂಲಿ ದಾರಿ ಚಾಂಗ್ ಲಾ ಘಾಟಿ ಮೇಲೆ, ಅದು 5,300ಕ್ಕೂ ಎತ್ತರ. ಇಳಿಯಬೇಕಾದರೆ ಇನ್ನೂ ಒಂದು ಸಾವಿರ ಮೀಟರ್ ಹತ್ತಬೇಕು! ಪ್ಲಾನ್ ಮಾಡುವಾಗ ಇದನ್ನು ಯಾರೂ ನೋಡುವುದಿಲ್ಲ. ಪುಣ್ಯಕ್ಕೆ ಡ್ರೈವರ್ ಹತ್ತಿರ ದೊಡ್ಡ ಸಿಲಿಂಡರ್ ಇತ್ತು. ಹಿಂದಿನ ಸೀಟಲ್ಲಿ ಅತ್ತೆಯೇ ದಾರಿಯುದ್ದಕ್ಕೂ ಮಾಸ್ಕ್ ಹಿಡಿದು ಕೂತಿದ್ದರು. ಬೆಳಕು ಹರಿದ ಮೇಲೆ ಲೇಹ್ ಆಸ್ಪತ್ರೆ ಸೇರಿದರು. ಹುಡುಗ ಉಳಿದ. ಅತ್ತೆಗೆ ಏನೂ ಆಗದ್ದಕ್ಕೆ ವಿಶ್ರಾಂತಿಯೊಂದೇ ಕಾರಣ ಅನ್ನಲಾರೆ, ಯಾರ ದೇಹ ಹೇಗೆ ತಡೆಯುತ್ತದೆ ಎಂದು ಮೊದಲೇ ಹೇಳಲು ಬರುವುದಿಲ್ಲ.

ಕರ್ಪೂರ ಮೂಸುವವರು ಇದ್ದಾರೆ. ವಾಟ್ಸಾಪ್‌ನಲ್ಲಿ ಬಂದಿರುತ್ತದೆ. ಮೂಗು ತಣ್ಣಗಾಗುತ್ತದೆ, ರಕ್ತಕ್ಕೆ ಆಮ್ಲಜನಕ ಸೇರುವುದಿಲ್ಲ. ಸ್ಪ್ರೇ ಡಬ್ಬಿಯಂಥ ಆಕ್ಸಿಜನ್ ಕ್ಯಾನ್ ಕೆಲವೇ ನಿಮಿಷಕ್ಕೆ ಖಾಲಿ. ಡೈಮಾಕ್ಸ್ ಮಾತ್ರೆ ಕಿಡ್ನಿಯ ಅದೇ ಕೆಲಸಕ್ಕೆ ಸ್ವಲ್ಪ ವೇಗ ಕೊಡುತ್ತದೆ, ಸಾಮಾನ್ಯವಾಗಿ ಹೊರಡುವ ಹಿಂದಿನ ದಿನವೇ ಶುರು ಮಾಡುತ್ತೇವೆ. ಬೆರಳು ಜುಮ್ಮೆನ್ನುತ್ತದೆ, ಪದೇ ಪದೇ ಮೂತ್ರಕ್ಕೆ ಏಳಬೇಕಾಗುತ್ತದೆ. ಆದರೆ ಎಲ್ಲರಿಗೂ ಆಗಿಬರುವುದಿಲ್ಲ. ಸಲ್ಫಾ ಅಲರ್ಜಿ, ಕಿಡ್ನಿ ತೊಂದರೆ, ಹೃದಯದ ಕಾಯಿಲೆ ಇದ್ದವರು, ಗರ್ಭಿಣಿಯರು ನಿಮ್ಮ ವೈದ್ಯರನ್ನು ಕೇಳದೆ ಮಾತ್ರೆ ಮುಟ್ಟಬೇಡಿ, ಟಿಕೆಟ್ಟೂ ಮಾಡಬೇಡಿ.

ನಾನು ಬರೆದುಕೊಡುವ ಪ್ಲಾನ್ ಬೋರಿಂಗ್. ಮೊದಲ ಎರಡು ದಿನ ಲೇಹ್‌ನಲ್ಲೇ. ಮದ್ಯ, ನಿದ್ದೆ ಮಾತ್ರೆ ಬೇಡ. ಆಮೇಲೆ ನುಬ್ರಾ ಕಣಿವೆ. ಖರ್ದುಂಗ್ ಲಾ ದಾಟಿಯೇ ಹೋಗಬೇಕು ನಿಜ, ಆದರೆ ಅಲ್ಲಿ ಜಾಸ್ತಿ ಹೊತ್ತು ನಿಲ್ಲಬೇಡಿ. ಎರಡು ಡುಬ್ಬದ ಒಂಟೆಗಳಿರುವ ನುಬ್ರಾದ ಹುಂಡರ್ ಮರಳುದಿಣ್ಣೆ ಲೇಹ್‌ಗಿಂತ ತಗ್ಗಿನಲ್ಲಿದೆ, ರಾತ್ರಿ ಆರಾಮಾಗಿ ಮಲಗಬಹುದು. ಪ್ಯಾಂಗಾಂಗ್ ಕೊನೆಗೆ. ತಲೆನೋವಿನ ಜೊತೆ ವಾಂತಿ, ತೂರಾಡುವ ನಡಿಗೆ ಅಥವಾ ಕೂತಲ್ಲೇ ಏದುಸಿರು ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.

"ಎರಡು ದಿನ ಹೋಟೆಲಲ್ಲಿ ಏನ್ಮಾಡೋದು ಡಾಕ್ಟ್ರೇ?" ಅಂತ ಮೊನ್ನೆಯೂ ಒಬ್ಬರು ಕೇಳಿದರು. ಕಿಟಕಿ ಪರದೆ ಸರಿಸಿ, ಎದುರಿಗೇ ಸ್ಟೋಕ್ ಬೆಟ್ಟಸಾಲು ಕಾಣುತ್ತದೆ ಎಂದೆ. ಎರಡನೇ ದಿನ ಸಂಜೆ ತಲೆ ಹಗುರವಾಗಿದ್ದರೆ ನಿಧಾನಕ್ಕೆ ಮಾರ್ಕೆಟ್‌ಗೆ ಹೋಗಿ, ಒಣಗಿಸಿದ ಜರ್ದಾಳು ತಗೊಳ್ಳಿ. ಥರ್ಮಲ್ ಮರೆತಿದ್ದರೆ ಅದೂ ಅಲ್ಲೇ ಸಿಗುತ್ತದೆ.