ಬ್ಯಾಟಿಂಗ್ ಸ್ಟಾನ್ಸ್: ಹ್ಯಾಂಡಲ್‌ನ ಮೇಲ್ತುದಿಯಲ್ಲಿ ಯಾವ ಕೈ?

ನಮ್ಮ ದೇವದತ್ತ ಪಡಿಕ್ಕಲ್ ಎಡಗೈ ಬ್ಯಾಟರ್, ಆದರೆ ಬೌಲ್ ಮಾಡೋದು ಬಲಗೈ ಆಫ್‌ಬ್ರೇಕ್. ಸೌರವ್ ಗಂಗೂಲಿಯೂ ಹಾಗೇ: ಬ್ಯಾಟಿಂಗ್ ಎಡಗೈ, ಬೌಲಿಂಗ್ ಬಲಗೈ. ಚೆಂಡು ಎಸೆಯೋ ಕೈ ಬಲ, ಬ್ಯಾಟಿಂಗ್ ಮಾತ್ರ ಎಡ. ಇದು ಹೇಗೆ?

ಉತ್ತರ ಗ್ರಿಪ್‌ನಲ್ಲಿದೆ. ಎಡಗೈ ಬ್ಯಾಟರ್ ನಿಂತಾಗ ಬಲ ಭುಜ ಬೌಲರ್ ಕಡೆ ಇರುತ್ತದೆ. ಹ್ಯಾಂಡಲ್ ಮೇಲೆ ಬಲಗೈ, ಅದರ ಕೆಳಗೆ ಎಡಗೈ. ಅಂದರೆ ಪಡಿಕ್ಕಲ್ ಚೆಂಡು ಎಸೆಯೋ ಕೈಯೇ ಟಾಪ್ ಹ್ಯಾಂಡ್.

ಟಾಪ್ ಹ್ಯಾಂಡ್ ಕೆಲಸ ಏನು ಅಂತ ಓದೋದಕ್ಕಿಂತ ಮಾಡಿ ನೋಡೋದು ಒಳ್ಳೇದು. ಗೆಳೆಯರೊಬ್ಬರು ಅಂಡರ್‌ಆರ್ಮ್ ಚೆಂಡು ಹಾಕಲಿ. ಬರೀ ಮೇಲಿನ ಕೈಯಲ್ಲಿ ಬ್ಯಾಟ್ ಹಿಡಿದು ಡ್ರೈವ್ ಮಾಡಿ. ಮೊಣಕೈ ಎತ್ತರಕ್ಕೆ ಬರುತ್ತದೆ, ಬ್ಯಾಟ್ ನೇರ ಇಳಿಯುತ್ತದೆ, ಚೆಂಡು ಬೌಲರ್ ಕಡೆಗೆ ಹೋಗುತ್ತದೆ. ಈಗ ಬರೀ ಕೆಳಗಿನ ಕೈಯಲ್ಲಿ ಹೊಡೆಯಿರಿ. ಬ್ಯಾಟಿನ ಮುಖ ಸುಮ್ನೆ ತಿರುಗಿಬಿಡುತ್ತದೆ, ಚೆಂಡು ಮಿಡ್‌ಆನ್ ಕಡೆ ಓಡುತ್ತದೆ. ಬ್ಯಾಟ್ ಅಡ್ಡ ಬೀಸೋ ಪುಲ್ ಶಾಟ್‌ಗೆ ಈ ಕೈ ಬೇಕೇ ಬೇಕು. ನೇರ ಬ್ಯಾಟಿನ ಹೊಡೆತಗಳಿಗೆ ಮಾತ್ರ ಮೇಲಿನ ಕೈಯದೇ ಯಜಮಾನಿಕೆ.

ಸಚಿನ್ ತೆಂಡೂಲ್ಕರ್ ಇನ್ನೂ ಮಜಾ. ಬ್ಯಾಟಿಂಗ್ ಬಲಗೈ, ಬರೆಯೋದು ಎಡಗೈ! ಅವರ ಬರೆಯೋ ಕೈಯೂ ಹ್ಯಾಂಡಲ್‌ನ ಮೇಲೆಯೇ ಇರುತ್ತಿತ್ತು, ಅಲ್ವಾ? ಪ್ರಬಲವಾದ ಕೈ ಹ್ಯಾಂಡಲ್‌ನ ಮೇಲಿರೋ ಇಂಥ ನಿಲುವಿಗೆ 'ತಿರುಗು ಸ್ಟಾನ್ಸ್' ಅನ್ನೋಣ. 2016ರಲ್ಲಿ ಪ್ರಕಟವಾದ ಸಂಶೋಧಕ ಡೇವಿಡ್ ಮ್ಯಾನ್ ತಂಡದ ಅಧ್ಯಯನದಲ್ಲಿ, ಅನುಭವ ಕಡಿಮೆ ಇದ್ದವರಿಗಿಂತ ವೃತ್ತಿಪರ ಬ್ಯಾಟರ್‌ಗಳಲ್ಲಿ ಈ ಸ್ಟಾನ್ಸ್ ಇರುವ ಸಾಧ್ಯತೆ ಸುಮಾರು 7 ಪಟ್ಟು ಜಾಸ್ತಿ ಕಂಡಿತು.

ಇದನ್ನು ಓದಿ ನಾಳೆಯೇ ಸ್ಟಾನ್ಸ್ ಬದಲಿಸಬೇಡಿ. ದ್ರಾವಿಡ್, ಕೊಹ್ಲಿ ಇಬ್ಬರೂ ಬಲಗೈ ಬ್ಯಾಟರ್‌ಗಳು, ಬೌಲಿಂಗ್‌ನಲ್ಲೂ ಬಲಗೈಯೇ; ಅಂದರೆ ಎಸೆಯೋ ಕೈ ಹ್ಯಾಂಡಲ್‌ನ ಕೆಳಗಿದ್ದರೂ ಗೆದ್ದವರು. ಎಡ ಸ್ಟಾನ್ಸ್‌ಗೆ ಬೇರೆ ಲಾಭಗಳೂ ಇವೆ: ಬೌಲರ್‌ಗಳಲ್ಲಿ ಬಹುಪಾಲು ಬಲಗೈಯವರೇ, ಅವರಿಗೆ ಎಡಗೈ ಬ್ಯಾಟರ್ ಎದುರು ಸಿಗೋದೇ ಕಡಿಮೆ. ಹಾಗಾಗಿ ಯಶಸ್ಸನ್ನೆಲ್ಲ ಕೈಯ ಲೆಕ್ಕಕ್ಕೆ ಬರೆಯೋಕಾಗಲ್ಲ.

ನಿಯಮದ ಕಡೆಯಿಂದ ಒಂದು ವಿಷಯ. 2008ರಲ್ಲಿ ನ್ಯೂಜಿಲೆಂಡಿನ ಸ್ಕಾಟ್ ಸ್ಟೈರಿಸ್ ಬೌಲಿಂಗ್‌ಗೆ ಇಂಗ್ಲೆಂಡಿನ ಬಲಗೈ ಬ್ಯಾಟರ್ ಕೆವಿನ್ ಪೀಟರ್ಸನ್ ಎಡಗೈ ಸ್ಟಾನ್ಸ್‌ಗೆ ಬದಲಾಗಿ 2 ಸಿಕ್ಸರ್ ಹೊಡೆದರು. ಗಲಾಟೆ ಆಯಿತು, ಕ್ರಿಕೆಟ್ ನಿಯಮ ರೂಪಿಸೋ ಎಂಸಿಸಿ ಕ್ಲಬ್ ಅದು ಸರಿ ಎಂದಿತು. ಆದರೆ ಎಲ್‌ಬಿಡಬ್ಲ್ಯೂಗೆ ಆಫ್ ಯಾವುದು, ಲೆಗ್ ಯಾವುದು ಅನ್ನೋದು ಬೌಲರ್ ಓಟ ಶುರು ಮಾಡಿದಾಗ ಬ್ಯಾಟರ್ ಹೇಗೆ ನಿಂತಿದ್ದರು ಎಂಬುದರ ಮೇಲೆಯೇ ತೀರ್ಮಾನ.